ಒಗ್ಗರಣೆ ಡಬ್ಬಿಯಿಂದ ಹಿತ್ತಲಿಗೆ: ಕೋಲಾರದ ಮನೆಯಲ್ಲಿ ಒಂದು ಸುತ್ತು ಬೀಜದ ಕೆಲಸ

ಒಂದು ಸುತ್ತು ಮುಗಿಯಿತು. ರೋಹಿಣಿ ಮಳೆಗೆ ಶುರು ಮಾಡಿದ್ದು, ಶಿವರಾತ್ರಿ ಹೊತ್ತಿಗೆ ಬೀಜವಾಗಿ ಬಾಟಲಿ ಸೇರಿದೆ. ಒಂದೇ ಒಂದು ಬೀಜದ ಪ್ಯಾಕೆಟ್ ಕೊಂಡಿಲ್ಲ. ಅಡುಗೆಮನೆ ಡಬ್ಬಿ, ತರಕಾರಿ ಚೀಲ, ಸೊಪ್ಪಿನವರ ಗಾಡಿ, ಪಕ್ಕದ ಮನೆಯ ಬಳ್ಳಿ, ಇಷ್ಟರಲ್ಲೇ ಎಲ್ಲ ಹೊಂದಿಸಿದ್ದು. ಏನು ಹುಟ್ಟಿತು, ಏನು ಹುಟ್ಟಲಿಲ್ಲ, ಎಷ್ಟು ಖರ್ಚಾಯಿತು ಅಂತ ಕ್ರಮವಾಗಿ ಬರೆಯುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಕೆಮ್ಮಣ್ಣು, ಗಡಸು ನೀರು ಇರೋರಿಗೆ ನೇರವಾಗಿ ಉಪಯೋಗ ಆಗಬಹುದು.

ಮೊದಲೇ ಒಂದು ಮಾತು. ತಿನ್ನುವ ಹದ ಬೇರೆ, ಬೀಜದ ಹದ ಬೇರೆ. ನಾವು ತರಕಾರಿ ಅಂತ ತಿನ್ನೋದು ಬಹುಪಾಲು ಎಳೆಕಾಯಿ. ಬೆಂಡೆ, ಹೀರೆ, ಬದನೆ, ಸೌತೆ ಎಲ್ಲವೂ ಅಷ್ಟೇ. ಅವುಗಳ ಒಳಗೆ ಬೀಜದ ಆಕಾರ ಇರುತ್ತದೆ, ಜೀವ ಇರುವುದಿಲ್ಲ. ಟೊಮೆಟೊ, ಸಿಹಿಕುಂಬಳ, ಕೆಂಪು ಮೆಣಸಿನಕಾಯಿ ಹಣ್ಣಾದ ಮೇಲೆ ಮನೆಗೆ ಬರುತ್ತವೆ, ಅವು ಸುಲಭ. ಈ ಒಂದು ಭೇದ ಗೊತ್ತಿದ್ದರೆ ಮಾರ್ಕೆಟ್ಟಿನಲ್ಲಿ ಕಣ್ಣು ಎಲ್ಲಿ ಹೋಗಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಹಂತ 1: ಮಣ್ಣು, ಬಕೆಟ್, ನೀರು (ಮೇ ಕೊನೆ, ರೋಹಿಣಿ ಮಳೆ)

ಜಾಗ ಜಾಸ್ತಿ ಇಲ್ಲ. ಹಿತ್ತಲಲ್ಲಿ 10 ಅಡಿ ಉದ್ದ, 6 ಅಡಿ ಅಗಲದ ನೆಲ. ಅದಕ್ಕೆ ತಾಗಿ ಕಾಂಪೌಂಡ್ ಗೋಡೆ. ಮೇಲೆ ತಾರಸಿ. ನೆಲದಲ್ಲಿ ಬಳ್ಳಿ, ಬದನೆ, ಸೊಪ್ಪು ಅಂತ ಲೆಕ್ಕ ಹಾಕಿದೆ. ತಾರಸಿ ಮೇಲೆ 20 ಲೀಟರಿನ ಹಳೇ ಪೇಂಟ್ ಬಕೆಟ್‌ಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಬೆಂಡೆ.

ಕೆಮ್ಮಣ್ಣು ಒದ್ದೆ ಇರುವಾಗ ಚೆನ್ನಾಗಿಯೇ ಕಾಣುತ್ತದೆ. ಒಣಗಿದರೆ ಗುದ್ದಲಿಗೂ ಜಗ್ಗಲ್ಲ. ಬರೀ ಕೆಮ್ಮಣ್ಣು ತುಂಬಿದ ಮೊದಲ ಎರಡು ಬಕೆಟ್‌ಗಳಲ್ಲಿ ನೀರು ಮೇಲೇ ನಿಂತು, ಅಂಚಿನಿಂದ ಜಾರಿ ಹೋಯಿತು, ಬೇರಿಗೆ ಮುಟ್ಟಲೇ ಇಲ್ಲ. ಅವನ್ನು ಕೆಡವಿ ಮತ್ತೆ ಬೆರೆಸಿದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರ, ಒಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಗೊಬ್ಬರವನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಸಗಣಿ ವಾಸನೆ ಬಂದರೆ ಇನ್ನೂ ಕಳಿತಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಕೊಕೊಪೀಟ್‌ನಲ್ಲಿ ಉಪ್ಪು ಇರುತ್ತದೆ, ಅದನ್ನು ನೆನೆಸಿ ಎರಡು ಸಲ ಹಿಂಡಿ ತೆಗೆದ ಮೇಲೆ ಬಳಸಬೇಕು.

ಬಕೆಟ್ ತಳಕ್ಕೆ 8 ಮಿ.ಮೀ. ಡ್ರಿಲ್ ಬಿಟ್‌ನಿಂದ ಆರು ತೂತು. ಡ್ರಿಲ್ ಇಲ್ಲದಿದ್ದರೆ ಕಾಯಿಸಿದ ಕಬ್ಬಿಣದ ಸಲಾಕೆ ಸಾಕು, ಹೊಗೆ ಬರುತ್ತದೆ, ಬಯಲಲ್ಲಿ ಮಾಡಿ. ತೂತಿನ ಮೇಲೆ ಒಡೆದ ಹೆಂಚಿನ ಚೂರು, ಅದರ ಮೇಲೆ ತೆಂಗಿನ ನಾರು.

ಖರ್ಚು ಹೀಗಿದೆ. ಹಳೇ ಬಕೆಟ್ 14ಕ್ಕೆ ತಲಾ 50ರಂತೆ 700 ರೂಪಾಯಿ. ಗೊಬ್ಬರ ಆರು ಚೀಲ 480. ಐದು ಕೆಜಿಯ ಕೊಕೊಪೀಟ್ ಇಟ್ಟಿಗೆ ಎರಡಕ್ಕೆ 360. ಬೇವಿನ ಹಿಂಡಿ ಎರಡು ಕೆಜಿ 100. ನೆರಳಿನ ಬಲೆ 250. ಚಪ್ಪರಕ್ಕೆ ಬಿದಿರು, ತಂತಿ 300. ಒಟ್ಟು 2,190. ಬೀಜದ ಖರ್ಚು ಇದರಲ್ಲಿ ಇಲ್ಲ, ಯಾಕೆಂದರೆ ಅವು ಅಡುಗೆಗೆ ತಂದಿದ್ದರಲ್ಲೇ ಸಿಕ್ಕಿದ್ದು.

ನೀರಿನ ವಿಚಾರ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಬಕೆಟ್ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ದೊಡ್ಡ ಗಿಡ ತಡೆದುಕೊಳ್ಳುತ್ತದೆ, ಮೊಳಕೆ ತಡೆದುಕೊಳ್ಳಲ್ಲ. ಆರ್‌ಒ ಫಿಲ್ಟರ್‌ನಿಂದ ಹೊರಗೆ ಹೋಗುವ ನೀರನ್ನು ಗಿಡಕ್ಕೆ ಹಾಕಿ ಅಂತ ಸುಮಾರು ಜನ ಹೇಳುತ್ತಾರೆ. ನಮ್ಮ ಊರಿನ ನೀರಿಗೆ ಅದು ಬೇಡ, ಮೊದಲೇ ಗಡಸಾದ ನೀರಿನ ಉಪ್ಪೆಲ್ಲ ಅದರಲ್ಲಿ ಇನ್ನೂ ಗಟ್ಟಿಯಾಗಿ ಬರುತ್ತದೆ. ನೆಲ ಒರೆಸೋಕೆ ಸರಿ. ತಾರಸಿಯ ಪೈಪಿನ ಕೆಳಗೆ 200 ಲೀಟರಿನ ಡ್ರಮ್ ಇಟ್ಟು, ಬಾಯಿಗೆ ಹಳೇ ಪಂಚೆ ಕಟ್ಟಿ, ಮಳೆ ನೀರು ಹಿಡಿದೆ. ಒಟ್ಟಲಿನ (ಬೀಜ ಮೊಳೆಸುವ ಜಾಗದ) ಸಸಿಗಳಿಗೆ ಆ ನೀರು ಮಾತ್ರ. ಅಕ್ಕಿ ತೊಳೆದ ನೀರು ದೊಡ್ಡ ಗಿಡಗಳಿಗೆ.

ಹಂತ 2: ಡಬ್ಬಿಗಳ ಪರೀಕ್ಷೆ (ಜೂನ್ ಮೊದಲ ವಾರ)

ಬೇಳೆ ಆದದ್ದು ಯಾವುದೂ ಹುಟ್ಟಲ್ಲ, ಒಡೆದಾಗಲೇ ಮೊಳಕೆಯ ಭಾಗ ಹೋಗಿರುತ್ತದೆ. ಹುರಿದದ್ದು, ಬೇಯಿಸಿ ಒಣಗಿಸಿದ್ದು ಕೂಡ ಇಲ್ಲ. ಇಡೀ ಕಾಳು ಬೇಕು. ನಮ್ಮ ಮನೆಯಲ್ಲಿ ಇದ್ದದ್ದು ಮೆಂತ್ಯ, ಸಾಸಿವೆ, ಧನಿಯ, ಅಲಸಂದೆ, ಹುರುಳಿ, ಒಣ ಅವರೆಕಾಳು, ಒಣಮೆಣಸಿನಕಾಯಿ.

ಪರೀಕ್ಷೆ ಸುಲಭ. ಹಳೇ ಹತ್ತಿ ಬಟ್ಟೆ ಒದ್ದೆ ಮಾಡಿ ಹಿಂಡಿ, 10 ಕಾಳು ಸಾಲಾಗಿ ಇಟ್ಟು, ಸುತ್ತಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುವುದು. ದಿನಕ್ಕೊಮ್ಮೆ ಬಿಚ್ಚಿ ನೋಡುವುದು. 10ಕ್ಕೆ 8 ಮೊಳೆತರೆ ಧೈರ್ಯವಾಗಿ ಬಿತ್ತಬಹುದು. 5 ಬಂದರೆ ಎರಡರಷ್ಟು ಹಾಕಬೇಕು. 3ಕ್ಕಿಂತ ಕಡಿಮೆ ಆದರೆ ಆ ಡಬ್ಬಿಯದು ಅಡುಗೆಗೇ ಇರಲಿ.

ಮೆಂತ್ಯ 10ಕ್ಕೆ 10, ಅದೂ ಮೂರನೇ ದಿನಕ್ಕೆ. ಸಾಸಿವೆ 9, ಅಲಸಂದೆ 9, ಅವರೆ 8. ಹುರುಳಿಯಲ್ಲಿ ಎರಡು ಕಾಳು ನೆನೆಯಲೇ ಇಲ್ಲ, ಕಲ್ಲಿನ ಹಾಗೆ ಉಳಿದವು. ಬ್ಯಾಡಗಿ ಮೆಣಸಿನಕಾಯಿ ಬೀಜ 10ಕ್ಕೆ 1. ಗುಂಟೂರಿನದು 4. ಒಣಮೆಣಸಿನಕಾಯಿ ಎಷ್ಟು ಹಳೇದು ಅಂತ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲ್ಲ. ಅದನ್ನು ನಂಬಿ ಕೂರುವ ಬದಲು ಸಂತೆಯಲ್ಲಿ ಹಸಿಮೆಣಸಿನಕಾಯಿ ರಾಶಿಯೊಳಗೆ ಪೂರ್ತಿ ಕೆಂಪಾದ ಒಂದೆರಡು ಕಾಯಿ ಹುಡುಕಿ ತಂದರೆ ಸಾಕು. ಮಾರುವವರು ಅದನ್ನು ಬದಿಗೆ ಎಸೆದಿರುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಅದರ ಬೀಜ 10ಕ್ಕೆ 8 ಬಂತು. ಬೀಜ ಬಿಡಿಸುವಾಗ ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ, ಕಣ್ಣು ಮುಟ್ಟಬೇಡಿ.

ಧನಿಯಕ್ಕೆ ಬೇರೆಯೇ ಕ್ರಮ ಬೇಕು. ನಾವು ಒಂದು ಕಾಳು ಅಂತ ಕರೆಯೋದು ನಿಜವಾಗಿ ಒಂದು ಕಾಯಿ, ಒಳಗೆ ಎರಡು ಬೀಜ ಇರುತ್ತವೆ. ಹಾಗೇ ಹಾಕಿದ ಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಹುಟ್ಟಿತು. ಆಮೇಲೆ ಮಣೆ ಮೇಲೆ ಹರಡಿ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಬಿತ್ತಿದೆ. ಹತ್ತು ಹನ್ನೆರಡು ದಿನಕ್ಕೆ ಮಡಿ ತುಂಬಿತು. ಜೋರಾಗಿ ಒತ್ತಿದರೆ ಬೀಜವೇ ಪುಡಿ ಆಗುತ್ತದೆ. ಕಾಳು ಎರಡು ಹೋಳಾದ ಸಣ್ಣ ಶಬ್ದ ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಬೇಸಿಗೆಯಲ್ಲಿ ಇದು ಬೇಡ. ಬಿಸಿಲಿಗೆ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಸೊಪ್ಪು ಸಿಗಲ್ಲ.

ಹಂತ 3: ಟೊಮೆಟೊ (ಜೂನ್, ಮೃಗಶಿರ ಮಳೆ)

ಕೋಲಾರದಲ್ಲಿ ಕೂತು ಟೊಮೆಟೊ ಬೀಜ ಕೊಳ್ಳೋದಾ? ಇಲ್ಲಿಯ ಎಪಿಎಂಸಿಯಿಂದ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ದೇಶದ ಮೂಲೆ ಮೂಲೆಗೂ ಹಣ್ಣು ಹೋಗುತ್ತದೆ. 2023ರ ಜುಲೈನಲ್ಲಿ ಬಾಕ್ಸ್ ಬೆಲೆ 2,000 ರೂಪಾಯಿ ದಾಟಿದಾಗ ನಮ್ಮ ಬೀದಿಯಲ್ಲೂ ಸಾರಿಗೆ ಹುಣಸೆಹಣ್ಣೇ ಗತಿ ಆಗಿತ್ತು. ಹಿತ್ತಲಲ್ಲಿ ನಾಲ್ಕು ಗಿಡ ಬೇಕು ಅಂತ ಮನಸ್ಸಿಗೆ ಬಂದಿದ್ದು ಆವಾಗಲೇ.

ಎರಡು ತರಹದ ಹಣ್ಣು ತಂದೆ. ಒಂದು ಮಂಡಿಗೆ ಬರುವ ದಪ್ಪ ಸಿಪ್ಪೆಯ ಗಟ್ಟಿ ಹಣ್ಣು. ಇನ್ನೊಂದು ಹುಳಿ ಜಾಸ್ತಿ ಇರುವ, ಚಪ್ಪಟೆ ಮೈಯ, ಭುಜದಲ್ಲಿ ಗೆರೆ ಇರುವ ನಾಟಿ ಟೊಮೆಟೊ. ಮಂಡಿಯ ಹಣ್ಣು ಬಹುಪಾಲು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಮಾಡಿದ್ದು. ಹೈಬ್ರಿಡ್ ಬೀಜ ಹುಟ್ಟಲ್ಲ ಅಂತ ತುಂಬ ಜನ ನಂಬಿದ್ದಾರೆ. ಚೆನ್ನಾಗಿಯೇ ಹುಟ್ಟುತ್ತದೆ, ಆದರೆ ಮಕ್ಕಳು ತಾಯಿಯ ತರಹ ಇರಲ್ಲ. ಒಂದೇ ಹಣ್ಣಿನ ಬೀಜದಿಂದ ಬೆಳೆಸಿದ ಗಿಡಗಳಲ್ಲಿ ಒಂದು ಉದ್ದನೆ ಹಣ್ಣು ಬಿಟ್ಟಿತು, ಒಂದು ಗುಂಡಗೆ, ಇನ್ನೊಂದರಲ್ಲಿ ನೆಲ್ಲಿಕಾಯಿ ಗಾತ್ರ ದಾಟಲಿಲ್ಲ. ತಿನ್ನೋಕೆ ಎಲ್ಲವೂ ಸರಿ. ಬೀಜಕ್ಕೆ ನಾಟಿಯದನ್ನು ಮಾತ್ರ ಇಟ್ಟುಕೊಂಡೆ.

ಒಂದು ಸಲ ದುಡ್ಡು ಕೊಟ್ಟು ಕೊಳ್ಳಲೇಬೇಕು ಅಂದರೆ ಹೆಸರು ನೋಡಿ ಕೊಳ್ಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್ ಹೈಬ್ರಿಡ್‌ಗಳು, ಪ್ರತಿ ಸಲ ಹೊಸ ಬೀಜ ಬೇಕು. ಅದೇ ಸಂಸ್ಥೆಯ ಅರ್ಕಾ ವಿಕಾಸ್ ಹೈಬ್ರಿಡ್ ಅಲ್ಲ, ತಳಿ. ಅದರ ಬೀಜ ವರ್ಷ ವರ್ಷ ಉಳಿಸಿಕೊಳ್ಳಬಹುದು.

ಬೀಜ ತೆಗೆದ ಕ್ರಮ: ಪೂರ್ತಿ ಹಣ್ಣಾದ ಟೊಮೆಟೊ ಅಡ್ಡ ಕೊಯ್ದು, ಲೋಳೆ ಸಮೇತ ಬೀಜವನ್ನು ಗಾಜಿನ ಲೋಟಕ್ಕೆ ಹಿಂಡಿ, ಅಷ್ಟೇ ನೀರು ಹಾಕಿ, ಬಟ್ಟೆ ಮುಚ್ಚಿ ಇಡುವುದು. ಮೇಲೆ ತೆಳು ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ, ಆಗಬೇಕಾದದ್ದೂ ಅದೇ. ನಮ್ಮ ಜೂನ್ ಸೆಖೆಗೆ ಎರಡು ದಿನ ಸಾಕು. ಇನ್ನೊಂದು ಲೋಟ ನಾಲ್ಕು ದಿನ ಹಾಗೇ ಉಳಿದು, ಬೀಜ ನೀರಿನಲ್ಲೇ ಮೊಳೆತು ಹೋಯಿತು. ಲೋಳೆ ಕಳಚಿದ ಬೀಜ ತಳಕ್ಕೆ ಕೂರುತ್ತದೆ, ಜೊಳ್ಳು ತೇಲುತ್ತದೆ. ತೇಲಿದ್ದು ಚೆಲ್ಲಿ, ಉಳಿದದ್ದನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು, ಸ್ಟೀಲ್ ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿದೆ. ನ್ಯೂಸ್‌ಪೇಪರ್ ಮೇಲೆ ಹಾಕಿದ ಬೀಜ ಕಾಗದಕ್ಕೆ ಅಂಟಿಕೊಂಡು ಬಿಡಲೇ ಇಲ್ಲ, ಕಾಗದ ಸಮೇತ ಹರಿದು ನೆಟ್ಟೆ, ಹುಟ್ಟಿತು.

ಒಟ್ಟಲಿಗೆ ಮೊಟ್ಟೆಯ ಟ್ರೇ ಬಳಸಿದ್ದು ಅಷ್ಟು ಚೆನ್ನಾಗಿ ಆಗಲಿಲ್ಲ. ರಟ್ಟು ನೀರು ಹೀರಿಕೊಂಡು ಸದಾ ತೇವ ಇರುತ್ತದೆ. ಸಸಿ ಎರಡೆಲೆ ಬಿಟ್ಟ ಮೇಲೆ ಬುಡ ಕಪ್ಪಾಗಿ ಮಲಗಿಬಿಟ್ಟವು, ಹೆಚ್ಚುಕಡಿಮೆ ಅರ್ಧ ಟ್ರೇ ಹೋಯಿತು. ತಳ ತೂತು ಮಾಡಿದ ಮೊಸರಿನ ಡಬ್ಬಿ ಇದಕ್ಕಿಂತ ಎಷ್ಟೋ ಮೇಲು. ಮೇಲ್ಮಣ್ಣು ಒಣಗಿದ ಮೇಲೆ ನೀರು, ಅದೂ ಬೆಳಿಗ್ಗೆ. ನಾಲ್ಕೈದು ಎಲೆ ಬಂದ ಮೇಲೆ ಕತ್ತಿನ ತನಕ ಮಣ್ಣಲ್ಲಿ ಇಳಿಸಿ ನೆಟ್ಟೆ. ಟೊಮೆಟೊ ಕಾಂಡ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ.

ಎಲೆ ಮುದುರು ಬಂದ ಗಿಡಗಳನ್ನು ನೋಡಿದ ದಿನವೇ ಕಿತ್ತೆ. ಬಿಳಿನೊಣ ಹರಡುವ ರೋಗ ಅದು, ಗಿಡಕ್ಕೆ ಔಷಧಿ ಇಲ್ಲ.

ಹಂತ 4: ಸೊಪ್ಪು (ಜೂನ್ ಕೊನೆ, ಆರಿದ್ರ)

ದಂಟಿನ ಬೀಜ ಸಿಕ್ಕಿದ್ದು ಸೊಪ್ಪಿನವರ ಹತ್ತಿರ. ಕಟ್ಟಿನಲ್ಲಿ ಬಲಿತು ತೆನೆ ಬಂದ ದಂಟು ಇರುತ್ತದಲ್ಲ, ಗಿರಾಕಿ ಬೇಡ ಅನ್ನುವಂಥದ್ದು, ಅದನ್ನು ಕೇಳಿ ತಂದು ತಲೆಕೆಳಗೆ ನೇತುಹಾಕಿ ಒಣಗಿಸಿದೆ. ಬೀಜ ಗಸಗಸೆಯಷ್ಟು ಸಣ್ಣದು. ಕೈಯಿಂದ ಹಾಗೇ ಚೆಲ್ಲಿದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ. ಒಂದು ಚಮಚ ಬೀಜಕ್ಕೆ ಒಂದು ಲೋಟ ಒಣ ಮರಳು ಬೆರೆಸಿ ಚೆಲ್ಲಿದೆ. ರವೆ ಬೆರೆಸಬಾರದು, ಇರುವೆ ಬರುತ್ತದೆ. ಮಡಿ ಸುತ್ತ ಒಲೆಬೂದಿ ಗೆರೆ ಎಳೆದರೂ ಮಳೆ ಬಂದ ಮೇಲೆ ಮತ್ತೆ ಎಳೆಯಬೇಕಾಗುತ್ತದೆ.

ಮೂರು ವಾರಕ್ಕೆ ಮೊದಲ ಬಸ್ಸಾರಿಗೆ ಆಯಿತು. ಕಿತ್ತು ತಿನ್ನುತ್ತಾ ಹೋದಂತೆ ಎಲ್ಲಕ್ಕಿಂತ ದಪ್ಪ ಕಾಂಡದ, ಹುಳ ಮುಟ್ಟದ ನಾಲ್ಕು ಗಿಡಕ್ಕೆ ಕೆಂಪು ದಾರ ಕಟ್ಟಿದೆ. ಈ ಕೆಂಪು ದಾರ ನಮ್ಮ ಮನೆಯಲ್ಲಿ ಈಗ ಕಾನೂನು. ಅದು ಇರುವುದನ್ನು ಯಾರೂ ಕೀಳುವಂತಿಲ್ಲ. ದಂಟು ಗಾಳಿಗೆ ಪರಾಗ ಹಾರಿಸುವ ಗಿಡ, ಕೆಂಪು ದಂಟು ಬಿಳಿ ದಂಟು ಒಟ್ಟಿಗೆ ಬೆಳೆದರೆ ಬೆರಕೆ ಆಗುತ್ತದೆ. ಅದಕ್ಕೇ ಬೀಜಕ್ಕೆ ಒಂದೇ ಜಾತಿ ಇಟ್ಟೆ.

ತೆನೆ ಕಂದು ಬಣ್ಣಕ್ಕೆ ತಿರುಗಿ, ತಟ್ಟಿದರೆ ಬೀಜ ಉದುರುವ ಹೊತ್ತಿಗೆ ಕೊಯ್ದು, ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿದೆ. ಇದನ್ನು ಅಮ್ಮ ಮಾಡಿದ್ದು ನೋಡಬೇಕಿತ್ತು. ನಾನು ಕೇರಿದಾಗ ಹೊಟ್ಟಿನ ಜೊತೆ ಬೀಜವೂ ಹಾರಿತು. ಅಮ್ಮ ಮೊರದ ಮುಂತುದಿಯನ್ನು ಸ್ವಲ್ಪ ಎತ್ತಿ ಹಿಡಿದು, ಮಣಿಕಟ್ಟಿನಿಂದ ಸಣ್ಣಗೆ ಕುಟುಕಿ ಕುಟುಕಿ, ತುಟಿಯಿಂದ ಒಂದೊಂದು ಸಲ ಮಾತ್ರ ಊದಿದರು. ಹೊಟ್ಟು ಮುಂದಕ್ಕೆ ಸರಿದು ಬಿದ್ದು ಹೋಯಿತು. ಮೊರದ ಹಿಂದಿನ ಮೂಲೆಯಲ್ಲಿ ಕರೀ ಮಿಂಚುವ ಬೀಜ ಒಂದು ಹಿಡಿ ಉಳಿಯಿತು. ಒಂದು ಹಿಡಿ ಅಂದರೆ ನಮ್ಮ ಬೀದಿಗೆಲ್ಲ ಸಾಕು.

ಹಂತ 5: ಬಳ್ಳಿಗಳು (ಜುಲೈನಿಂದ)

ಸಿಹಿಕುಂಬಳ ಎಲ್ಲಕ್ಕಿಂತ ಸಲೀಸು. ಗಾಡಿಯಲ್ಲಿ ಹೋಳು ಮಾಡಿ ಮಾರುತ್ತಾರೆ, 20 ರೂಪಾಯಿ ಹೋಳಿನಲ್ಲಿ ಕೈತುಂಬ ಬೀಜ. ದಪ್ಪ ಉಬ್ಬಿದ ಬೀಜ ಆರಿಸಿ, ತೊಳೆದು, ಒಣಗಿಸಿ ನೆಟ್ಟೆ, ಒಂದು ವಾರದಲ್ಲಿ ಹುಟ್ಟಿತು. ಚಪ್ಪಟೆ ಬೀಜ ಒಳಗೆ ಖಾಲಿ.

ಹಾಗಲಕಾಯಿ ಚೀಲದಲ್ಲಿ ಮರೆತು ಹಳದಿಯಾಗಿ ಬಾಯಿ ಬಿಟ್ಟಿರುತ್ತದೆ, ಎಲ್ಲರ ಮನೆಯಲ್ಲೂ ಆಗುವ ಕೆಲಸ. ಒಳಗೆ ಕೆಂಪು ಲೋಳೆಯಲ್ಲಿ ಕಂದು ಬಣ್ಣದ ಗಟ್ಟಿ ಬೀಜ ಇದ್ದರೆ ಇಟ್ಟುಕೊಳ್ಳಿ. ಬಿಳಿ, ಮೆತ್ತಗೆ ಇದ್ದರೆ ಕಾಯಿ ಹಳದಿ ಆಗಿದ್ದರೂ ಬೀಜ ಬಲಿತಿಲ್ಲ. ಸಿಪ್ಪೆ ಗಟ್ಟಿ ಇರುವುದರಿಂದ ಮರಳು ಕಾಗದಕ್ಕೆ ಅಂಚನ್ನು ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ ನೆಟ್ಟೆ. ಉಜ್ಜದೆ ನೆಟ್ಟಿದ್ದು ತಡವಾಗಿ, ಒಂದೊಂದಾಗಿ ಬಂತು.

ಹೀರೆ ಮಾರ್ಕೆಟ್ಟಿನ ಕಾಯಿಯಿಂದ ಆಗಲ್ಲ. ಪಕ್ಕದ ಮನೆಯವರ ಚಪ್ಪರದಲ್ಲಿ ಒಣಗಿ ನೇತಾಡುತ್ತಿದ್ದ ಒಂದು ಕಾಯಿ ಕೇಳಿ ತಂದೆ. ತುದಿಯ ಮುಚ್ಚಳ ಮುರಿದು ಅಲ್ಲಾಡಿಸಿದರೆ ಕಪ್ಪು ಬೀಜ ಗಲಗಲ ಅಂತ ಸುರಿಯುತ್ತದೆ. ಉಳಿದ ನಾರು ಪಾತ್ರೆ ತಿಕ್ಕೋಕೆ.

ನಮ್ಮ ಬಳ್ಳಿಯ ಮೊದಲ ಒಳ್ಳೇ ಹೀರೆಕಾಯಿಗೆ ಕೆಂಪು ದಾರ ಬಿದ್ದಾಗ ಮನೆಯಲ್ಲಿ ಸ್ವಲ್ಪ ಮಾತಾಯಿತು. ಅಷ್ಟು ಚೆನ್ನಾಗಿರೋದನ್ನು ಒಣಗಿಸಿ, ಸೊಟ್ಟಗಿರೋದನ್ನು ನಾವು ತಿನ್ನೋದಾ ಅಂತ. ಹೌದು, ಹಾಗೇ ಮಾಡಬೇಕು. ಸೊಟ್ಟಗಿರುವುದು, ಕೊನೆಗೆ ಉಳಿದದ್ದು, ಬಳ್ಳಿ ಒಣಗುವಾಗ ಸಿಕ್ಕಿದ್ದು ಇವನ್ನೇ ಬೀಜಕ್ಕೆ ಬಿಡುತ್ತಾ ಹೋದರೆ ವರ್ಷದಿಂದ ವರ್ಷಕ್ಕೆ ತಳಿ ಇಳಿದು ಹೋಗುತ್ತದೆ. ಆದರೆ ಇನ್ನೊಂದು ವಿಚಾರವೂ ಇದೆ. ಒಂದು ಕಾಯಿ ಬಲಿಯಲು ಬಿಟ್ಟರೆ ಬಳ್ಳಿ ಹೊಸ ಕಾಯಿ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಒಂದು ಬಳ್ಳಿಯನ್ನು ಪೂರ್ತಿ ಬೀಜಕ್ಕೆ, ಉಳಿದದ್ದನ್ನು ಪೂರ್ತಿ ಅಡುಗೆಗೆ ಅಂತ ಹಂಚಿದೆವು. ಅದರಿಂದ ಎಲ್ಲರಿಗೂ ಸಮಾಧಾನ ಆಯಿತು.

ಬೆರಕೆಯ ಭಯ ಬಳ್ಳಿಗಳಲ್ಲಿ ಜಾಸ್ತಿ, ಜೇನು ಹೂವಿಂದ ಹೂವಿಗೆ ಹೋಗುತ್ತದೆ. ಆದರೆ ಸಿಹಿಕುಂಬಳ ಹೀರೆಯ ಜೊತೆ, ಸೋರೆಯ ಜೊತೆ, ಬೂದುಗುಂಬಳದ ಜೊತೆ ಕೂಡಲ್ಲ. ಸಿಹಿಕುಂಬಳಕ್ಕೆ ಇನ್ನೊಂದು ಬಗೆಯ ಸಿಹಿಕುಂಬಳದಿಂದ ಬೆರಕೆ ಆಗಬಹುದು. ಪಕ್ಕದಲ್ಲಿ ಬೇರೆ ಬಗೆ ಇದ್ದುದರಿಂದ ಕೈಯಿಂದ ಪರಾಗ ಮುಟ್ಟಿಸಿದೆ. ನಾಳೆ ಅರಳುವ ಮೊಗ್ಗು ಹಿಂದಿನ ಸಂಜೆಯೇ ಹಳದಿ ತಿರುಗಿರುತ್ತದೆ. ಪುಟ್ಟ ಕಾಯಿ ಇರುವ ಹೆಣ್ಣು ಮೊಗ್ಗು ಒಂದು, ಬರೀ ತೊಟ್ಟಿರುವ ಗಂಡು ಮೊಗ್ಗು ಎರಡು, ಇವುಗಳ ತುದಿಗೆ ದಾರ ಕಟ್ಟಿಬಿಡಬೇಕು. ಬೆಳಿಗ್ಗೆ ಆರೂವರೆಗೆ ಗಂಡು ಹೂವಿನ ಎಸಳು ಕಿತ್ತು, ಹೆಣ್ಣು ಹೂವು ಬಿಚ್ಚಿ, ಒಳಗೆ ಉಜ್ಜಿ, ಮತ್ತೆ ಕಟ್ಟುವುದು. ಹೀರೆಗೆ ಈ ಹೊತ್ತು ಹೊಂದಲ್ಲ, ಅದರ ಹೂವು ಅರಳೋದೇ ಸಂಜೆ. ಬಿಸಿಲೇರಿದ ಮೇಲೆ ಮುಟ್ಟಿಸಿದ ಕುಂಬಳದ ಹೂವುಗಳು ಕಾಯಿ ಕಟ್ಟದೆ ಉದುರಿದವು.

ಸೋರೆ, ಸೌತೆ, ಹೀರೆ ಬೀಜ ಮನೆಯಲ್ಲೇ ಉಳಿಸೋರು ಒಂದು ಎಚ್ಚರ ವಹಿಸಲೇಬೇಕು. ಅಡುಗೆಗೆ ಮುಂಚೆ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಪೂರ್ತಿ ಎಸೆಯಿರಿ, ಆ ಬಳ್ಳಿಯ ಬೀಜವೂ ಬೇಡ. ಕಹಿ ಸೋರೆಕಾಯಿ ರಸ ಕುಡಿದು ಜೀವ ಹೋದ ಉದಾಹರಣೆಗಳು ನಮ್ಮ ದೇಶದಲ್ಲೇ ಇವೆ.

ಹಂತ 6: ಬೆಂಡೆ, ಬದನೆ (ಆಗಸ್ಟ್, ಸೆಪ್ಟೆಂಬರ್)

ಎರಡಕ್ಕೂ ಮೊದಲ ಬೀಜ ಪಕ್ಕದ ಮನೆಯಿಂದ. ಬೆಂಡೆಯಲ್ಲಿ ಎಲೆಯ ನರ ಹಳದಿಯಾಗುವ ರೋಗ ಬಂದು ಕೆಲವು ಗಿಡ ಕಿತ್ತೆ, ಹತ್ತಿರದಲ್ಲೇ ಇದ್ದೂ ರೋಗ ಮುಟ್ಟದ ಗಿಡಕ್ಕೆ ದಾರ ಕಟ್ಟಿದೆ. ಕಾಯಿ ಗಿಡದಲ್ಲೇ ಕಂದು ಬಣ್ಣಕ್ಕೆ ಬಂದು ಏಣಿನಲ್ಲಿ ಸೀಳು ಬಿಡುವ ತನಕ ಕಾಯಬೇಕು. ಮಳೆ ಇದ್ದರೆ ಸೀಳಿದ ಕಾಯಿಯೊಳಗೆ ನೀರು ಹೋಗಿ ಬೂಷ್ಟು ಬರುತ್ತದೆ. ಹಾಗಾಗಿ ಮೊದಲ ಸೀಳು ಕಂಡ ಕೂಡಲೇ ಕೊಯ್ದು ಒಳಗೆ ಒಣಗಿಸಿದೆ.

ಬದನೆ ನೇರಳೆ ಬಣ್ಣ ಹೋಗಿ ಕಂದು ಹಳದಿಗೆ ತಿರುಗಿ ಮೆತ್ತಗಾಗಬೇಕು. ನೋಡೋಕೆ ಕೆಟ್ಟು ಹೋದ ಹಾಗೇ ಇರುತ್ತದೆ. ಆಮೇಲೆ ನೀರಲ್ಲಿ ಕಿವುಚಿ, ಮುಳುಗಿದ ಬೀಜ ಇಟ್ಟುಕೊಳ್ಳುವುದು. ಹೇಳೋಕೆ ಇಷ್ಟೇ.

ಹಂತ 7: ಅವರೆ (ಜುಲೈ ಕೊನೆಯಿಂದ ಸಂಕ್ರಾಂತಿ)

ಹಳ್ಳಿಯಿಂದ ತಂದ ಒಣ ಅವರೆ, ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ (ರಾಗಿಯ ನಡುವೆ ಬೇರೆ ಬೆಳೆ ಹಾಕುವ ಸಾಲು) ಬೆಳೆದದ್ದು. ಜುಲೈ ಕೊನೆಗೆ ಕಾಂಪೌಂಡ್ ಬುಡದಲ್ಲಿ ಎರಡು ಅಡಿಗೊಂದರಂತೆ ಊರಿದೆ. ಹುಟ್ಟಿ, ಗೋಡೆ ಹತ್ತಿ, ಆಚೆ ಬೀದಿಗೂ ಇಳಿಯಿತು. ತಿಂಗಳುಗಟ್ಟಲೆ ಬರೀ ಎಲೆ. ಗೊಬ್ಬರ ಹೆಚ್ಚಾಯಿತಾ ಅಂತ ಕೇಳಿದವರು ಬಹಳ. ಹಳೇ ನಾಟಿ ಅವರೆ ಹಗಲು ಮೊಟಕಾದ ಮೇಲೆಯೇ ಹೂ ಬಿಡುವುದು, ಅದಕ್ಕೆ ಮುಂಚೆ ಏನು ಮಾಡಿದರೂ ಇಲ್ಲ. ವರ್ಷವಿಡೀ ಬಿಡುವಂಥದ್ದು ಬೇಕಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ. ನನಗೆ ಬೇಕಿದ್ದದ್ದು ಧನುರ್ಮಾಸದ ಸೊಗಡು. ನವೆಂಬರ್‌ನಲ್ಲಿ ಹೂವು ಬಂತು, ಡಿಸೆಂಬರ್‌ನಲ್ಲಿ ಕೈಗೆ ಅಂಟುವ ಸೊಗಡಿನ ಕಾಯಿ. ಹಿದುಕಿದ ಬೇಳೆ ಸಾರು, ಉಪ್ಪಿಟ್ಟು, ಎಲ್ಲ ಆಯಿತು. ಗೋಡೆಯ ಎಡಭಾಗದ ಎರಡು ಬಳ್ಳಿ ಮಾತ್ರ ಕೆಂಪು ದಾರದವು, ಗಿಡದಲ್ಲೇ ಒಣಗಲು ಬಿಟ್ಟಿದ್ದು.

ತೊಂದರೆ ಬಂದಿದ್ದು ಆಮೇಲೆ. ಬಿಸಿಲಲ್ಲಿ ಒಣಗಿಸಿ ಡಬ್ಬಿಗೆ ಹಾಕಿದ ಕಾಳಿನಲ್ಲಿ ಕೆಲವೇ ವಾರಕ್ಕೆ ದುಂಡು ತೂತು, ಪುಡಿ, ಒಳಗೆ ಓಡಾಡುವ ಹುಳ. ಡಬ್ಬಿ ಗಟ್ಟಿ ಮುಚ್ಚಿತ್ತು. ಈ ಹುಳ ಕಾಯಿ ಹೊಲದಲ್ಲಿ ಇರುವಾಗಲೇ ಮೊಟ್ಟೆ ಇಟ್ಟಿರುತ್ತದೆ, ಮುಚ್ಚಳದಿಂದ ಏನೂ ಆಗಲ್ಲ. ಉಳಿದ ಕಾಳನ್ನು ಎರಡು ಪಾಲು ಮಾಡಿದೆ. ಒಂದು ಪಾಲಿಗೆ ಹರಳೆಣ್ಣೆ ಸವರಿದೆ, ಒಂದು ಕೆಜಿಗೆ ಒಂದು ಟೀ ಚಮಚ, ಕಾಳು ಮಿಂಚುವಷ್ಟು ಮಾತ್ರ. ಇನ್ನೊಂದು ಪಾಲನ್ನು ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡದ ಕವರಿನಲ್ಲಿ ಒಂದು ವಾರ ಫ್ರೀಜರ್‌ನಲ್ಲಿ ಇಟ್ಟು, ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಒಂದು ದಿನ ಬಿಟ್ಟೆ. ತಣ್ಣಗಿರುವಾಗಲೇ ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ. ಎರಡರಲ್ಲೂ ಇವತ್ತಿನ ತನಕ ಹೊಸ ತೂತು ಇಲ್ಲ. ಅಜ್ಜಿಯ ಕಾಲದಲ್ಲಿ ಕೆಮ್ಮಣ್ಣು ಕಟ್ಟುತ್ತಿದ್ದರು, ಕಾಳಿಗೆ ಕೆಮ್ಮಣ್ಣಿನ ಬಗ್ಗಡ ಸವರಿ ಒಣಗಿಸಿ ಇಡುವುದು. ಮುಂದಿನ ಬೆಳೆಗೆ ಒಂದು ಸೇರು ಹಾಗೆ ಮಾಡಿ ಪಕ್ಕಪಕ್ಕ ಇಟ್ಟು ನೋಡಬೇಕು ಅಂತಿದೆ.

ಹಂತ 8: ಒಣಗಿಸಿ ಇಟ್ಟಿದ್ದು

ಬೀಜ ಕೆಡುವುದು ತೇವದಿಂದ, ಆಮೇಲೆ ಸೆಖೆಯಿಂದ. ಹಸಿ ಬೀಜವನ್ನು ನೇರ ಬಿಸಿಲಿಗೆ ಹಾಕದೆ, ಗಾಳಿಯಾಡುವ ನೆರಳಲ್ಲಿ ತಟ್ಟೆ ಇಟ್ಟು ದಿನಾ ಕೈಯಾಡಿಸಿದೆ. ಕುಂಬಳ, ಸೌತೆ ಬೀಜ ಬಾಗಿಸಿದರೆ ಪಟಕ್ ಅಂತ ಮುರಿಯಬೇಕು, ಬಳುಕಿದರೆ ಇನ್ನೂ ಒಣಗಿಲ್ಲ. ಅವರೆ, ಅಲಸಂದೆ ಹಲ್ಲಿಗೆ ಗುರುತು ಬೀಳಬಾರದು.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟ ಹಾಗಲದ ಬೀಜ ಬೂಷ್ಟು ಹಿಡಿಯಿತು. ಆಮೇಲೆ ಎಲ್ಲಕ್ಕೂ ಗಾಜಿನ ಬಾಟಲಿ, ಹಾರ್ಲಿಕ್ಸ್, ಉಪ್ಪಿನಕಾಯಿ ಬಾಟಲಿಗಳೇ. ಅಕ್ಕಿಯನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು, ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಪುಟ್ಟ ಗಂಟು ಕಟ್ಟಿ ಬಾಟಲಿ ತಳಕ್ಕೆ ಹಾಕಿದೆ, ಅದು ತೇವ ಎಳೆದುಕೊಳ್ಳುತ್ತದೆ. ಬೀಜ ಕಾಗದದ ಪೊಟ್ಟಣದಲ್ಲಿ ಅದರ ಮೇಲೆ. ಪೊಟ್ಟಣದ ಮೇಲೆ ಹೆಸರು, ತಿಂಗಳು, ಎಲ್ಲಿಂದ ಬಂತು, ಮೂರೂ ಪೆನ್ಸಿಲ್‌ನಲ್ಲಿ, ಇಂಕು ತೇವಕ್ಕೆ ಹರಡುತ್ತದೆ. ಹಳ್ಳಿಗಳಲ್ಲಿ ಸೋರೆ, ಹೀರೆ ಬೀಜವನ್ನು ಸಗಣಿ ಮತ್ತು ಬೂದಿಯಲ್ಲಿ ಕಲಸಿ ಬೆರಣಿ ತಟ್ಟಿ ಗೋಡೆಗೆ ಅಂಟಿಸುತ್ತಿದ್ದರು. ಗೋಡೆಗೆ ಪೇಂಟ್ ಇರುವ ನಮ್ಮ ಮನೆಯಲ್ಲಿ ಬಾಟಲಿಯೇ ಗತಿ.

ಈಗ ಎಲ್ಲಿದ್ದೇನೆ

ಬಾಟಲಿಯಲ್ಲಿ ಇರುವುದು ನಾಟಿ ಟೊಮೆಟೊ, ದಂಟು, ಹೀರೆ, ಹಾಗಲ, ಸಿಹಿಕುಂಬಳ, ಬೆಂಡೆ, ಬದನೆ, ಅವರೆ, ಚಳಿಗಾಲದಲ್ಲಿ ಬಿಟ್ಟ ಕೊತ್ತಂಬರಿ ಮತ್ತು ಮೆಂತ್ಯ. ಮೆಣಸಿನಕಾಯಿ ಇಲ್ಲ. ಗಿಡ ಚೆನ್ನಾಗಿ ಬಂದು, ಹೂವಿಗೆ ಬರುವ ಹೊತ್ತಿಗೆ ಮುಟುರು ರೋಗ ಹಿಡಿದು ಎಲೆಯೆಲ್ಲ ದೋಣಿಯಾಗಿ ಮುದುಡಿತು. ಬೇವಿನೆಣ್ಣೆ ಒಂದು ಲೀಟರ್ ನೀರಿಗೆ 5 ಎಂ.ಎಲ್., ಎರಡು ಹನಿ ಸೋಪು ಹಾಕಿ ವಾರಕ್ಕೊಮ್ಮೆ ಸಿಂಪಡಿಸಿದೆ, ತಡವಾಗಿತ್ತು. ಈ ಸಲ ಸಸಿ ಸಣ್ಣದಿರುವಾಗಿಂದಲೇ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ ನೋಡುತ್ತೇನೆ. ಇದಕ್ಕೂ ಬಗ್ಗದಿದ್ದರೆ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಎಲೆ ತೆಗೆದುಕೊಂಡು ಹೋಗಿ ತೋರಿಸುವುದು.

ಈರುಳ್ಳಿ ಇನ್ನೂ ನಡೆಯುತ್ತಿದೆ. ಬುಟ್ಟಿಯಲ್ಲಿ ಮೊಳಕೆ ಬಂದಿದ್ದ ಗಡ್ಡೆಗಳನ್ನು ನವೆಂಬರ್‌ನಲ್ಲಿ ಊರಿದ್ದೆ. ಒಂದೇ ಗಡ್ಡೆ ಸಾಲದು, ಬೇರೆ ಗಿಡದ ಪರಾಗ ಬಂದರೆ ಬೀಜ ಚೆನ್ನಾಗಿ ಕಟ್ಟುತ್ತದೆ, ಅದಕ್ಕೇ ಎಂಟು ಗಡ್ಡೆ ಹತ್ತಿರ ಹತ್ತಿರ ಇಟ್ಟಿದ್ದು. ಈಗ ಉದ್ದ ಕೊಳವೆ ಎದ್ದು ತುದಿಯಲ್ಲಿ ಬಿಳಿ ಹೂವಿನ ಗುಂಡು ನಿಂತಿದೆ, ಬೆಳಿಗ್ಗೆ ಹೊತ್ತು ಜೇನು ತುಂಬ. ಗುಂಡಿನೊಳಗೆ ಕಪ್ಪು ಬೀಜ ಕಾಣಿಸಿಕೊಂಡ ಮೇಲೆ ತೊಟ್ಟು ಸಮೇತ ಕೊಯ್ದು ಕಾಗದದ ಚೀಲದಲ್ಲಿ ತಲೆಕೆಳಗೆ ಕಟ್ಟಬೇಕು. ಈರುಳ್ಳಿ ಬೀಜಕ್ಕೆ ಆಯಸ್ಸು ಕಡಿಮೆ, ಒಂದು ವರ್ಷದೊಳಗೆ ಬಿತ್ತಿಬಿಡಬೇಕು.

ದಂಟು, ಹೀರೆ, ಕುಂಬಳದ ಬೀಜ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ. ಪಕ್ಕದ ಮನೆಯವರಿಗೆ ಹೀರೆಯ ಋಣ ಕುಂಬಳದಲ್ಲಿ ತೀರಿಸಿದ್ದಾಯಿತು. ಉಳಿದದ್ದಕ್ಕೆ ಬದಲಾಗಿ ನನಗೆ ಬೇಕಿರುವುದು ಚಕ್ಕೋತ ಸೊಪ್ಪಿನ ಬೀಜ ಮತ್ತು ಹಸಿರು ಗುಂಡು ಬದನೆ. ಗಿಡದಲ್ಲೇ ಬಲಿತದ್ದಾಗಿರಬೇಕು, ಹತ್ತು ಕಾಳು ಕೊಟ್ಟರೂ ಸಾಕು.